ಇಂಗ್ಲಿಷ್ ಮಾತಾಡುವವರು ಪರದೇಶದ ಊರುಗಳ ಹೆಸರನ್ನು ಹೇಗೆ ಹೇಳಬೇಕು?

ನಕ್ಷೆಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಕೆಲಸದ ಜಗಳವೊಂದನ್ನು ಇಲ್ಲಿಗೆ ತಂದಿದ್ದೇನೆ. ನಾನು ಭೂಗೋಳದ ಆಡಿಯೋ ಪಾಠಗಳ ಇಂಗ್ಲಿಷ್ ಸ್ಕ್ರಿಪ್ಟ್ ತಿದ್ದುತ್ತೇನೆ. ಓದುವವರು ಹುಟ್ಟಿನಿಂದಲೇ ಇಂಗ್ಲಿಷ್ ಮಾತಾಡುವವರು. ಕೇಳುವ ಮಕ್ಕಳು ಎಲ್ಲೆಲ್ಲೋ ಇದ್ದಾರೆ.

ಈ ಸಲ ಓದಿದವರು ಚೀನಾದ ರಾಜಧಾನಿಯನ್ನು 'ಬೇಝಿಂಗ್' ಅಂದರು. ಪ್ಲೆಝರ್ ಪದದ ನಡುವೆ ಬರುತ್ತಲ್ಲ, ಆ ಮೆತ್ತನೆಯ ಉಲಿ. ಸ್ಪೇನಿನ ಊರಿಗೆ ಬಂದಾಗ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು 'ಬಾರ್ಥೆಲೋನಾ' ಅಂದರು. ಪ್ಯಾರಿಸ್ ಮಾತ್ರ ಪ್ಯಾರಿಸ್ಸಾಗಿಯೇ ಉಳಿಯಿತು. ಇರಾಕ್ 'ಐರ್ಯಾಕ್' ಆಯಿತು. ಒಂದೇ ಪಾಠದಲ್ಲಿ ಇಷ್ಟೂ.

ತಂಡದಲ್ಲಿ ಒಬ್ಬರು, "ಪ್ರತಿ ಹೆಸರನ್ನೂ ಅಲ್ಲಿಯವರು ಹೇಳುವ ಹಾಗೇ ಹೇಳಿಸಿ, ಇಲ್ಲದಿದ್ದರೆ ಅವರಿಗೆ ಅವಮಾನ" ಅಂತಾರೆ. ಇನ್ನೊಬ್ಬರು, "ಇಂಗ್ಲಿಷ್ ಪಾಠ ಅಂದಮೇಲೆ ಇಂಗ್ಲಿಷ್ ಹೆಸರೇ ಸರಿ, ಸುಮ್ನೆ ಶೋಕಿ ಯಾಕೆ" ಅಂತಾರೆ. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆ ಆಗುತ್ತಿಲ್ಲ. ಆದರೆ ಮಧ್ಯದಲ್ಲಿ ಗೆರೆ ಎಲ್ಲಿ ಎಳೆಯೋದು?

ಕೊಂಕುಮಾತು:
ಎರಡನೆಯವರು ಹೇಳಿದ್ದೇ ಸರಿ, ಚರ್ಚೆ ಮುಗೀತು. ತಮಾಷೆಗೆ ಹೇಳುತ್ತಿಲ್ಲ. ಪ್ರತಿ ಭಾಷೆಯೂ ಹೊರಗಿನ ಊರುಗಳಿಗೆ ತನ್ನದೇ ಹೆಸರು ಇಟ್ಟುಕೊಂಡಿರುತ್ತದೆ. ಲಂಡನ್ ಇಟಲಿಯವರಿಗೆ 'ಲೋಂಡ್ರಾ', ಫ್ರೆಂಚರಿಗೆ 'ಲೋಂದ್ರ್'. ಲಂಡನ್ನಿನವರು ಯಾರಾದರೂ ಅತ್ತಿದ್ದು ಕೇಳಿದ್ದೀರಾ? ಜರ್ಮನ್ನರು ತಮ್ಮ ದೇಶವನ್ನು 'ಡಾಯ್ಚ್‌ಲಾಂಡ್' ಅಂತಾರೆ. ಫ್ರೆಂಚರು 'ಅಲ್ಮಾಞ್', ಪೋಲೆಂಡಿನವರು 'ನ್ಯೆಮ್ತ್ಸಿ', ಫಿನ್‌ಲೆಂಡಿನವರು 'ಸಾಕ್ಸಾ'. ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ಯುರೋಪ್ ನಡೆದುಕೊಂಡು ಹೋಗುತ್ತಿದೆ.

ಇನ್ನೂ ಬೇಕಾ? ಇಟಲಿಯವರು ಮ್ಯೂನಿಕ್ ನಗರವನ್ನು 'ಮೊನಾಕೋ' ಅಂತಾರೆ. ಸಮುದ್ರದಂಚಿನ ಇನ್ನೊಂದು ಮೊನಾಕೋ ಜೊತೆ ಗೊಂದಲ ಆಗದಿರಲಿ ಅಂತ 'ಬವೇರಿಯಾದ ಮೊನಾಕೋ' ಅಂತ ಸೇರಿಸುತ್ತಾರೆ. ವಿಯೆನ್ನಾ ಹಂಗೇರಿಯವರಿಗೆ 'ಬೇಚ್', ಸ್ಲೊವೇನಿಯಾದವರಿಗೆ 'ದುನಾಯ್'. ಇದೆಲ್ಲ ಪಕ್ಕದ ಮನೆಯವರ ಕಥೆ. ಇಂಗ್ಲಿಷರು ಮಾತ್ರ ಯಾಕೆ ಮಂಡಿಯೂರಬೇಕು?

ದೂರದೂರು:
ಕೊಂಕುಮಾತು ಅವರೇ, ಉದಾಹರಣೆ ಚೆನ್ನಾಗಿವೆ. ಆದರೆ ಒಂದು ವಿಷಯ ಬಿಟ್ಟಿರಿ. ಸ್ಲೊವೇನಿಯಾದವರು ವಿಯೆನ್ನಾವನ್ನು ಏನಂದರೂ ವಿಮಾನದ ಟಿಕೆಟ್ ಮೇಲೆ ಅದು ಬರುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದು ಬರುತ್ತದೆ. ವಾರ್ತೆ, ನಕ್ಷೆ, ಪಂದ್ಯ, ಒಪ್ಪಂದ ಎಲ್ಲದರಲ್ಲೂ ಆ ರೂಪವೇ ಓಡಾಡುತ್ತದೆ. ಆಮೇಲೆ ಮೂರನೆಯವರು, ಅಂದರೆ ಇಂಗ್ಲಿಷೂ ಅಲ್ಲದ ಆ ಊರಿನವರೂ ಅಲ್ಲದವರು, ಅದನ್ನೇ ಎತ್ತಿಕೊಳ್ಳುತ್ತಾರೆ. ಹಾಗಾಗಿ ಇಂಗ್ಲಿಷಿಗೆ ಸ್ವಲ್ಪ ಜಾಸ್ತಿ ಹೊಣೆ ಇದೆ.

ಕೀನ್ಯಾ ಅಂತ ಕೇಳಿದ್ದೀರಾ? ವಸಾಹತು ಕಾಲದ ಇಂಗ್ಲಿಷರು ಕೆನ್ಯಾವನ್ನು ಹಾಗೆ ಹೇಳುತ್ತಿದ್ದರು. 1963ರಲ್ಲಿ ಸ್ವಾತಂತ್ರ್ಯ ಬಂತು, ಜೋಮೋ ಕೆನ್ಯಾಟಾ ದೇಶದ ನಾಯಕರಾದರು, 'ಕೆನ್ಯಾ' ಅನ್ನುವುದು ಎಲ್ಲೆಡೆ ನೆಲೆಯಾಯಿತು. ಸ್ಪೆಲ್ಲಿಂಗಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬದಲಾಗಿದ್ದು ಬರೀ ಒಂದು ಸ್ವರ. ಆಮೇಲೂ ಹಟ ಹಿಡಿದು 'ಕೀನ್ಯಾ' ಅನ್ನುವ ಮುದುಕರ ಬಾಯಲ್ಲಿ ಆ ಉದ್ದ ಸ್ವರ ಕೇಳಿದರೆ ಅವರು ಯಾವ ಕಾಲವನ್ನು ನೆನೆಸುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು.

ಉಲಿಗಾರ:
ನಕ್ಷೆಪೆಟ್ಟಿಗೆಯವರ ಮೊದಲ ಹೆಸರಿಗೆ ಬರುತ್ತೇನೆ. ಅದರಲ್ಲಿ ಅರ್ಧ ಉತ್ತರ ಇದೆ.

'ಬೇಝಿಂಗ್' ಅನ್ನುವುದು ಸೋಮಾರಿತನದಿಂದ ಬಂದ ತಪ್ಪಲ್ಲ, ಜಾಸ್ತಿ ಶ್ರಮಪಟ್ಟು ಮಾಡುವ ತಪ್ಪು. ಆ ಮೆತ್ತನೆಯ ಝ ಚೀನೀ ಹೆಸರಿನಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷಿಗೆ ಅದು ಹೆಚ್ಚಾಗಿ ಫ್ರೆಂಚ್ ಪದಗಳ ಜೊತೆ ಬಂದಿದ್ದು. ಗರಾಝ್, ಮಸಾಝ್, ಬೇಝ್ ಬಣ್ಣ. ಹಾಗಾಗಿ ಇಂಗ್ಲಿಷ್ ಕಿವಿಗೆ ಆ ಉಲಿ ಅಂದರೇನೇ 'ಪರದೇಶ'. ಯಾವ ಪರದೇಶ ಅನ್ನೋದು ಮುಖ್ಯವಲ್ಲ. ಜೆ ಅಕ್ಷರ ಕಂಡರೆ ಹಚ್ಚಿಬಿಡುತ್ತಾರೆ. ತಾಜ್ ಮಹಲ್ 'ತಾಝ್ ಮಹಾಲ್' ಆಗುತ್ತದೆ. ಅಜರ್‌ಬೈಜಾನ್‌ಗೂ ಅದೇ ಗತಿ. ಅವರದೇ ಜ್ಯಾಮ್, ಜಾಬ್ ಪದಗಳ ಜ ಇತ್ತಲ್ಲ, ಅದೇ ಸಾಕಿತ್ತು!

ಹತ್ತಿರದಿಂದ ನೋಡೋಣ. ಚೀನೀ ಹೆಸರಿನ ಮೊದಲ ಉಲಿಯಲ್ಲಿ ತುಟಿ ಮುಚ್ಚಿ ತೆರೆಯುವಾಗ ಗಂಟಲು ನಡುಗುವುದಿಲ್ಲ, ಗಾಳಿಯೂ ಹೊರಗೆ ನುಗ್ಗುವುದಿಲ್ಲ. ಅಂದರೆ ನಮ್ಮ ಅಲ್ಪಪ್ರಾಣ 'ಪ'. ಎರಡನೆಯ ಭಾಗದ ಮೊದಲ ಉಲಿಯೂ ಹಾಗೇ, ನಮ್ಮ 'ಚ'ಕ್ಕೆ ತೀರಾ ಹತ್ತಿರ. ಕನ್ನಡದ ಕಿವಿಗೆ ಅದು 'ಪೇಯ್‌ಚಿಂಗ್' ಅಂತ ಕೇಳಬಹುದು. ಇಂಗ್ಲಿಷಿನವರಿಗೆ ಪದದ ಮೊದಲಲ್ಲಿ ಅಂಥ ಅಲ್ಪಪ್ರಾಣ ಪ ಇಲ್ಲ, ಅವರ ಪ ಬಾಯಿಂದ ಗಾಳಿ ಸಮೇತ ಬರುತ್ತದೆ. ಹಾಗಾಗಿ ಅವರಿಗೆ ಹತ್ತಿರದ ದಾರಿ ಬ ಮತ್ತು ಜ. 'ಬೇಜಿಂಗ್' ಅಂದರೆ ತಲುಪಿದ ಹಾಗೆ. ಝ ಹಾಕಿದರೆ ಊರು ದಾಟಿ ಮುಂದೆ ಹೋದ ಹಾಗೆ.

ಅರೆನಿದ್ದೆ:
ಓಹೋ, ಹಾಗಾದರೆ ಹಳೇ 'ಪೀಕಿಂಗ್' ಏನು? ಆ ಹೆಸರನ್ನು ಬದಲಾಯಿಸಿದ್ದಲ್ವಾ?

ಉಲಿಗಾರ:
ಇಲ್ಲ, ಊರಿನವರಿಗೆ ಏನೂ ಬದಲಾಗಲಿಲ್ಲ. ಎರಡೂ ಒಂದೇ ಚೀನೀ ಹೆಸರನ್ನು ಬೇರೆ ಬೇರೆ ರೀತಿ ಬರೆದದ್ದು. ಹಳೆಯ ರೂಪದಲ್ಲಿ ಕ ಇದೆ, ಏಕೆಂದರೆ ಯುರೋಪಿನವರು ಅದನ್ನು ಎತ್ತಿಕೊಂಡ ಕಾಲದಲ್ಲಿ, ಅವರು ಕೇಳಿದ ಮಾತಿನಲ್ಲಿ, ಅಲ್ಲಿ ಕ ಇನ್ನೂ ಇತ್ತು. ಆಮೇಲೆ ಚೀನಾದಲ್ಲಿ 1958ರಲ್ಲಿ ಪಿನ್ಯಿನ್ ಎಂಬ ರೋಮನ್ ಬರವಣಿಗೆ ಬಂತು. 1979ರ ಜನವರಿಯಿಂದ ಸರ್ಕಾರ ತನ್ನ ಇಂಗ್ಲಿಷ್ ಪ್ರಕಟಣೆಗಳಲ್ಲೂ ಅದನ್ನೇ ಬಳಸತೊಡಗಿತು, ಮೆಲ್ಲಗೆ ಜಗತ್ತೂ ಒಪ್ಪಿತು. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರು ಮಾತ್ರ ಇವತ್ತಿಗೂ ಪೀಕಿಂಗ್ ಯೂನಿವರ್ಸಿಟಿ. ಅವರೇ ಉಳಿಸಿಕೊಂಡಿದ್ದಾರೆ. ವಿಮಾನ ನಿಲ್ದಾಣದ ಮೂರಕ್ಷರದ ಕೋಡ್ ಕೂಡ ಪಿ, ಇ, ಕೆ.

ಹಳೇವಾರ್ತೆ:
ನಾನು ಬಹಳ ವರ್ಷ ಇಂಗ್ಲಿಷ್ ವಾರ್ತೆ ಓದಿದವನು. ಎಲ್ಲಿ ಅಂತ ಬೇಡ. ಈ ಪ್ರಶ್ನೆ ಹೊಸದೇನಲ್ಲ. ಬಿಬಿಸಿಯವರು 1926ರಲ್ಲೇ ಇದಕ್ಕೊಂದು ಸಮಿತಿ ಮಾಡಿದ್ದರು. ಕವಿ ರಾಬರ್ಟ್ ಬ್ರಿಡ್ಜಸ್ ಅಧ್ಯಕ್ಷರು, ಅವರ ನಂತರ ಬರ್ನಾರ್ಡ್ ಶಾ. ಯುದ್ಧದ ಕಾಲಕ್ಕೆ ಆ ಸಮಿತಿ ನಿಂತಿತು, ಆದರೆ ಉಚ್ಚಾರಣೆ ನೋಡಿಕೊಳ್ಳುವ ವಿಭಾಗ ಒಂದು ಬೆಳೆದುಕೊಂಡಿತು. ಅವರ ಸೂತ್ರ ಸರಳ: ಊರಿಗೆ ಇಂಗ್ಲಿಷಿನಲ್ಲಿ ನೆಲೆಯೂರಿದ ಹೆಸರಿದ್ದರೆ ಅದನ್ನೇ ಹೇಳು. ಇಲ್ಲದಿದ್ದರೆ ಅಲ್ಲಿನವರ ಉಚ್ಚಾರಣೆಯನ್ನು ಕೇಳಿ ತಿಳಿದುಕೊಂಡು, ಇಂಗ್ಲಿಷ್ ಬಾಯಿಗೆ ಹೊಂದುವ ಮಟ್ಟಕ್ಕೆ ಹೇಳು.

ಕೆಲಸಕ್ಕೆ ಕುಳಿತಾಗ ಇದರ ಬೆಲೆ ಗೊತ್ತಾಗುತ್ತದೆ. 2010ರ ಏಪ್ರಿಲಿನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿ ಯುರೋಪಿನ ವಿಮಾನಗಳೆಲ್ಲ ನೆಲ ಕಚ್ಚಿದ್ದವಲ್ಲ, ಆಗ ಎಲ್ಲರ ಬೆವರು ಇಳಿದಿತ್ತು. ಕಾಗದದ ಮೇಲೆ ಹೆಸರು ನೋಡಿದರೆ ಯಾರೋ ಕೀಬೋರ್ಡಿನ ಮೇಲೆ ಕೂತ ಹಾಗಿತ್ತು. ನಾನು ಮಾಡಿದ್ದು ಇಷ್ಟೇ. ಹೆಸರನ್ನು ಮೂರು ತುಂಡು ಮಾಡಿ ದೊಡ್ಡ ಅಕ್ಷರದಲ್ಲಿ ಬರೆದೆ: 'ಎಯ್ಯ', 'ಫ್ಯಾತ್ಲ', 'ಯೋಕುತ್ಲ್'. ಮೊದಲ ತುಂಡು ದ್ವೀಪ, ಎರಡನೆಯದು ಬೆಟ್ಟ, ಮೂರನೆಯದು ಹಿಮನದಿ. ಎರಡು ಎಲ್ ಜೊತೆಗೆ ಬಂದರೆ ಅಲ್ಲಿ 'ತ್ಲ' ಅಂತ ತಿಳಿದರೆ ಸಾಕು, ಉಳಿದದ್ದು ಕಷ್ಟವಿಲ್ಲ. ಪ್ರತಿ ತುಂಡಿನ ಮೊದಲ ಅಕ್ಷರದ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ, ಒತ್ತು ಎಲ್ಲಿ ಅಂತ. ಹೇಳುವಾಗ ನಿಧಾನ ಮಾಡಬಾರದು. ನಿಧಾನ ಮಾಡಿದರೆ ಕೇಳುವವರಿಗೆ ಸುದ್ದಿ ಹೋಗಿ ನಮ್ಮ ಸರ್ಕಸ್ ಮಾತ್ರ ಉಳಿಯುತ್ತದೆ. ಎಷ್ಟೋ ಕಡೆ ಹೆಸರಿನ ತಂಟೆಯೇ ಬೇಡ ಅಂತ 'ಐಸ್‌ಲ್ಯಾಂಡಿನ ಜ್ವಾಲಾಮುಖಿ' ಅಂದು ಮುಗಿಸಿದರು. ಅದು ಕಳ್ಳದಾರಿ, ಆದರೆ ನಾನು ಬೈಯುವುದಿಲ್ಲ.

ಕೊಂಕುಮಾತು:
ಹಳೇವಾರ್ತೆ ಸರ್, ನಿಮ್ಮ ಸೂತ್ರದ ಮೊದಲರ್ಧಕ್ಕೆ ಕೈ ಮುಗಿದೆ. ನನಗೆ ಕಿರಿಕಿರಿ ಆಗುವುದು ವಾಕ್ಯದ ನಡುವೆ ಗೇರ್ ಬದಲಿಸುವವರಿಂದ. ಮಾತೆಲ್ಲ ಇಂಗ್ಲಿಷ್, ಆದರೆ ಒಂದು ಹೆಸರು ಬಂದ ತಕ್ಷಣ ಗಂಟಲಿನಿಂದ ಫ್ರೆಂಚ್ ರ ತೆಗೆದು 'ಪಾರೀ' ಅಂತಾರೆ. ಕೇಳುವವನು ಊರನ್ನು ನೋಡುವುದಿಲ್ಲ, ಇವರು ಅಲ್ಲಿಗೆ ಹೋಗಿ ಬಂದಿದ್ದಾರೆ ಅನ್ನೋದನ್ನು ನೋಡುತ್ತಾನೆ. ಬುಡಾಪೆಸ್ಟಿಗೆ ವಾರಾಂತ್ಯಕ್ಕೆ ಹೋಗಿ ಬಂದವರು ಮರುದಿನದಿಂದ 'ಬುಡಾಪೆಶ್ಟ್' ಅನ್ನುತ್ತಾರಲ್ಲ, ಅದೇ ಜಾತಿ. ಹಂಗೇರಿಯಲ್ಲಿ ಅದು ಶ್ ಅನ್ನೋದು ನಿಜವೇ. ಆದರೆ ಅದೇ ಜನ ಮೆಕ್ಸಿಕೋವನ್ನು 'ಮೆಹಿಕೋ' ಅನ್ನುವುದಿಲ್ಲ. ಯಾಕೆ? ಅದರಲ್ಲಿ ಗತ್ತಿಲ್ಲ!

ಇನ್ನೊಂದು, ಆ ಪ್ಯಾರಿಸ್ಸಿನ ಕೊನೆಯ ಸ್ ಇಂಗ್ಲಿಷರ ತಪ್ಪೂ ಅಲ್ಲ. ಹಳೇ ಫ್ರೆಂಚಿನಲ್ಲಿ ಆ ಸ್ ಕೇಳುತ್ತಿತ್ತು. ಇಂಗ್ಲಿಷ್ ಅದನ್ನು ಇಟ್ಟುಕೊಂಡಿತು, ಫ್ರೆಂಚರು ಬಿಟ್ಟರು.

ಸಂಜೆಗಾಳಿ:
ಪಾಕಿಸ್ತಾನವನ್ನು ಒಬಾಮಾ ಹೇಳುತ್ತಿದ್ದ ರೀತಿ ನೆನಪಿದೆಯಾ? ಉಳಿದ ಅಮೆರಿಕನ್ನರು 'ಪ್ಯಾಕಿಸ್ಟ್ಯಾನ್' ಅನ್ನುವಾಗ ಅವರು ಆ ಸ್ವರವನ್ನು ಅಗಲ ಮಾಡಿ 'ಪಾಕಿಸ್ತಾನ್' ಅನ್ನುತ್ತಿದ್ದರು. ಕೆಲವರು ಗೌರವ ಅಂದರು, ಕೆಲವರು ತೋರಿಕೆ ಅಂದರು. ನನಗಂತೂ ಕೇಳಲು ಹಿತವಾಗಿತ್ತು.

ಉಲಿಗಾರ:
ಸಂಜೆಗಾಳಿಯವರ ಉದಾಹರಣೆ ನನ್ನ ಅಳತೆಗೋಲಿಗೆ ಸರಿಯಾಗಿ ಕೂರುತ್ತದೆ. ಆ 'ಆ' ಸ್ವರ ಇಂಗ್ಲಿಷಿನಲ್ಲೇ ಇದೆ. ಫಾದರ್ ಅನ್ನುವಾಗ ಎಲ್ಲರೂ ಹೇಳುತ್ತಾರೆ. ಇರುವ ಉಲಿಯನ್ನು ಬಳಸೋದರಲ್ಲಿ ಶೋಕಿ ಏನಿಲ್ಲ. 'ಐರ್ಯಾಕ್', 'ಐರ್ಯಾನ್' ಕೂಡ ಹಾಗೇ. ಇ ಸ್ವರ ಇದೆ, ಆ ಸ್ವರ ಇದೆ, 'ಇರಾಕ್' ಅನ್ನಲು ಏನು ಅಡ್ಡಿ? ಕೊನೆಯ ಅರಬಿ ಕ ಗಂಟಲಿನ ಹಿಂಭಾಗದ್ದು, ಅದು ಬಾರದಿದ್ದರೆ ಬಿಡಿ. ಕತಾರ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2022ರ ವಿಶ್ವಕಪ್ ವೇಳೆ ವೀಕ್ಷಕ ವಿವರಣೆಕಾರರು ತಲೆಗೊಬ್ಬರು ಒಂದೊಂದು ಥರ ಹೇಳಿದರು. ಅದರ ಮೊದಲ ಉಲಿಯೂ ಇಂಗ್ಲಿಷಿನಲ್ಲಿಲ್ಲ, ನಡುವಿನ ದಪ್ಪ ತ ಕೂಡ ಇಲ್ಲ. ಹಾಗಿದ್ದ ಮೇಲೆ ಹತ್ತಿರಕ್ಕೆ ಹೋಗಿ ನಿಲ್ಲೋದೇ ಸರಿ.

ಚೀನೀ, ವಿಯೆಟ್ನಾಮೀ ಹೆಸರುಗಳಲ್ಲಿ ರಾಗದ ಏರಿಳಿತವೂ ಹೆಸರಿನ ಭಾಗ. ಅದನ್ನು ಇಂಗ್ಲಿಷ್ ವಾಕ್ಯದೊಳಗೆ ತಂದರೆ ಬೇರೆ ಗಡಿಬಿಡಿ. ಇಂಗ್ಲಿಷಿನಲ್ಲಿ ದನಿ ಏರಿದರೆ ಕೇಳುವವರಿಗೆ ಪ್ರಶ್ನೆಯೋ ಅನುಮಾನವೋ ಅನ್ನಿಸುತ್ತದೆ. 'ನಾವು ಹನೋಯ್‌ಗೆ ಹೋದೆವು' ಅನ್ನುವುದು 'ಹೋದೆವಾ?' ಅಂತ ಕೇಳಿಸಬಾರದಲ್ಲ. ರಾಗ ಬಿಡಿ, ಸ್ವರ ವ್ಯಂಜನ ಸರಿ ಇಡಿ.

ಇನ್ನು ಬಾರ್ಸೆಲೋನಾ. ನಿಮ್ಮ ಓದುಗರು ನಾಲಿಗೆ ಕಚ್ಚಿ 'ಥ' ತಂದಿದ್ದು ಮ್ಯಾಡ್ರಿಡ್ ಕಡೆಯ ಸ್ಪ್ಯಾನಿಷ್ ಮಾತು. ಆ ಊರಿನ ಸ್ವಂತ ಭಾಷೆ ಕತಲಾನ್. ಕತಲಾನಿನಲ್ಲಿ ಅದು ಶುದ್ಧ ಸ. ಸ್ಥಳೀಯರ ಹಾಗೆ ಹೇಳಲು ಹೋಗಿ ಸ್ಥಳೀಯರ ಭಾಷೆಯನ್ನೇ ಬಿಟ್ಟ ಹಾಗಾಯಿತು. ಇಂಗ್ಲಿಷಿನವರು ಮೊದಲಿನಿಂದ ಹೇಳುತ್ತಿದ್ದ ಸ ಅದಕ್ಕಿಂತ ಹತ್ತಿರ ಇತ್ತು! ಬ್ರಸೆಲ್ಸ್ ಕೂಡ ಹೀಗೇ ಕಾಲಿಗೆ ತೊಡರುತ್ತದೆ. ಫ್ರೆಂಚಿನಲ್ಲಿ ಅದಕ್ಕೆ ಎಕ್ಸ್ ಅಕ್ಷರ ಬರೆಯುತ್ತಾರೆ, ನೋಡಿದವರು 'ಬ್ರುಕ್ಸೆಲ್' ಅಂತಾರೆ. ಊರಿನವರು ಹೇಳೋದು 'ಬ್ರುಸೆಲ್'. ಡಚ್ ಮಾತಾಡುವವರದ್ದು ಇನ್ನೊಂದು. 'ಅಲ್ಲಿಯವರ ಹಾಗೆ' ಅಂದರೆ ಯಾವ ಅಲ್ಲಿಯವರು?

ಕೋಪನ್‌ಹೇಗನ್ ಒಂದನ್ನು ಹೇಳಿ ನಿಲ್ಲಿಸುತ್ತೇನೆ. ಕೆಲವರು ಅದು ಇಂಗ್ಲಿಷ್ ಥರ ಆಯಿತು ಅಂತ ನಾಚಿ 'ಕೋಪನ್‌ಹಾಗನ್' ಅಂತಾರೆ, ಡೇನಿಶ್ ಹೇಳಿದೆ ಅಂದುಕೊಂಡು. ಆ 'ಹಾಗನ್' ಜರ್ಮನ್ ಧಾಟಿ. ಡೇನರು ಹೇಳೋದು ಹೆಚ್ಚುಕಡಿಮೆ 'ಕೊಬನ್‌ಹೌನ್'. ಅದರಲ್ಲಿ ಗ ಕೇಳಿಸುವುದೇ ಇಲ್ಲ.

ಅರೆನಿದ್ದೆ:
ಈಗ ನನಗೆ ಯಾವ ಊರಿನ ಹೆಸರೂ ಬಾಯಿಬಿಟ್ಟು ಹೇಳಲು ಧೈರ್ಯ ಇಲ್ಲ.

ದೂರದೂರು:
ಧೈರ್ಯ ಇರಲಿ. ಯಾರೂ ಪರೀಕ್ಷೆ ಇಟ್ಟಿಲ್ಲ.

ಉಲಿಗಾರರೇ, ನಿಮ್ಮ ಅಳತೆಗೋಲು ಉಲಿಯ ಮಟ್ಟಕ್ಕೆ ಸರಿ. ಆದರೆ ಇನ್ನೊಂದು ಬಗೆಯ ಸಂದರ್ಭ ಇದೆ. ಅಲ್ಲಿನ ಜನವೇ ಮುಂದೆ ಬಂದು 'ನಮ್ಮನ್ನು ಹೀಗೆ ಕರೆಯಿರಿ' ಅಂದಾಗ. ಯುಕ್ರೇನಿನ ರಾಜಧಾನಿ ನೋಡಿ. ಇಂಗ್ಲಿಷಿಗೆ ಬಂದಿದ್ದ 'ಕಿಯೆವ್' ರಷ್ಯನ್ ರೂಪದಿಂದ ಬಂದಿದ್ದು. ಯುಕ್ರೇನ್ ಸರ್ಕಾರ 1995ರಲ್ಲೇ ತನ್ನ ರೂಪವನ್ನು ಗೊತ್ತುಮಾಡಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2018ರಲ್ಲಿ ಅವರ ವಿದೇಶಾಂಗ ಇಲಾಖೆ ಜೋರಾಗಿ ಪ್ರಚಾರ ಶುರು ಮಾಡಿತು. 2019ರಲ್ಲಿ ಅಮೆರಿಕದ ಭೌಗೋಳಿಕ ಹೆಸರುಗಳ ಮಂಡಳಿ ಬದಲಾಯಿಸಿತು, ಅದೇ ವರ್ಷ ಅಸೋಸಿಯೇಟೆಡ್ ಪ್ರೆಸ್ ಮತ್ತು ಬಿಬಿಸಿ. 2022ರ ಯುದ್ಧದ ನಂತರ ವಾದವೇ ಉಳಿಯಲಿಲ್ಲ. ಈಗ ಇಂಗ್ಲಿಷಿನಲ್ಲಿ ಹೆಚ್ಚಿನವರು ಒಂದೇ ಉಸಿರಿಗೆ 'ಕೀವ್' ಅಂತಾರೆ. ಯುಕ್ರೇನಿಯನ್ ಬಾಯಲ್ಲಿ ಅದು 'ಕಿಯಿವ್', ಎರಡು ತುಂಡು, ಕೊನೆಯಲ್ಲಿ ವ ತುಟಿಯಲ್ಲೇ ಕರಗುತ್ತದೆ. ಪೂರ್ತಿ ಹೊಂದಿಲ್ಲ. ಆದರೆ ಕೇಳಿಕೊಂಡವರಿಗೆ ಅದು ತೊಂದರೆ ಅನ್ನಿಸಲಿಲ್ಲ. ತಮ್ಮ ಭಾಷೆಯಿಂದ ತೆಗೆದುಕೊಂಡರು ಅನ್ನೋದೇ ಅವರಿಗೆ ಬೇಕಾಗಿದ್ದು.

ಕೋಟ್ ಡಿವಾರ್ ಕೂಡ ಹೀಗೇ. ತಮ್ಮ ದೇಶದ ಹೆಸರನ್ನು ಯಾರೂ ಅನುವಾದ ಮಾಡಬೇಡಿ ಅಂತ 1985ರಲ್ಲೇ ಕೇಳಿಕೊಂಡರು. ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಐವರಿ ಕೋಸ್ಟ್ ಅನ್ನುತ್ತಿದ್ದರು, ಈಗಲೂ ಅನ್ನುವವರಿದ್ದಾರೆ. ಟರ್ಕಿ 2022ರಲ್ಲಿ ವಿಶ್ವಸಂಸ್ಥೆಯಲ್ಲಿ 'ತುರ್ಕಿಯೆ' ಆಯಿತು.

ಕೊಂಕುಮಾತು:
ಜನ ಕೇಳಿದರೋ ಸರ್ಕಾರ ಕೇಳಿತೋ? ಇವೆರಡೂ ಒಂದೇ ಅಲ್ಲ ದೂರದೂರು ಅವರೇ. 1989ರಲ್ಲಿ ಬರ್ಮಾ ಹೆಸರನ್ನು ಇಂಗ್ಲಿಷಿನಲ್ಲಿ ಮ್ಯಾನ್ಮಾರ್ ಅಂತ ಬದಲಿಸಿದ್ದು ಸೇನಾಡಳಿತ. ಜನ ಮತ ಹಾಕಿ ತಂದವರಲ್ಲ. ಅದಕ್ಕೇ ಅಮೆರಿಕ ಸರ್ಕಾರ ಬಹುಕಾಲ ಅಧಿಕೃತವಾಗಿ ಬರ್ಮಾ ಅನ್ನುವುದನ್ನೇ ಇಟ್ಟುಕೊಂಡಿತು. ಕೇಳಿಕೊಂಡವರೆಲ್ಲರ ಮಾತನ್ನೂ ಕಣ್ಣುಮುಚ್ಚಿ ಒಪ್ಪಬೇಕಾ?

ಉಲಿಗಾರ:
ರಾಜಕೀಯ ನಿಮಗೆ ಬಿಟ್ಟೆ. ಆದರೆ ಮ್ಯಾನ್ಮಾರ್ ಕೊನೆಯ ರ್ ಬಗ್ಗೆ ಹೇಳದೆ ಇರಲಾರೆ. ಅಲ್ಲಿನ ಮಾತಿನಲ್ಲಿ ಆ ರ್ ಇಲ್ಲ. ಅದನ್ನು ಬರೆದದ್ದು ಬ್ರಿಟಿಷ್ ಇಂಗ್ಲಿಷಿನ ಲೆಕ್ಕದಲ್ಲಿ. ದಕ್ಷಿಣ ಇಂಗ್ಲೆಂಡಿನವರು ಕಾರ್, ಫಾರ್ ಅನ್ನುವಾಗ ರ ಹೇಳುವುದಿಲ್ಲ, ಹಿಂದಿನ ಸ್ವರವನ್ನು ಎಳೆಯುತ್ತಾರೆ. ಅಂದರೆ ಆ ರ್ 'ಮಾ ಎಂದು ಉದ್ದ ಹೇಳಿ' ಅನ್ನುವ ಗುರುತು. ಬರ್ಮಾದ ನಡುವಿನ ರ್ ಕೂಡ ಅಷ್ಟೇ. ಅಮೆರಿಕನ್ನರು ಕಂಡ ರ್‌ಗಳನ್ನೆಲ್ಲ ನಾಲಿಗೆ ಸುರುಳಿ ಮಾಡಿ ಹೇಳಿಬಿಟ್ಟರು. ಕನ್ನಡದಲ್ಲಿ ನಾವೂ ಸ್ಪೆಲ್ಲಿಂಗ್ ನೋಡಿ ರ್ ಬರೆಯುತ್ತಿದ್ದೇವೆ, ಅದು ಬೇರೆ ಕಥೆ. ನಕ್ಷೆಪೆಟ್ಟಿಗೆಯವರೇ, ನಿಮ್ಮ ಓದುಗರು ಅಮೆರಿಕನ್ ಆದರೆ ಸ್ಕ್ರಿಪ್ಟಿನಲ್ಲಿ 'ಮ್ಯಾನ್ಮಾ' ಅಂತ ಬರೆದುಕೊಡಿ.

ಹೀಗೆ ಇಂಗ್ಲಿಷ್‌ಗಳ ನಡುವೆಯೇ ಜಗಳ ಇದೆ ಅನ್ನೋದು ಮರೆತುಹೋಗುತ್ತದೆ. ಆಸ್ಟ್ರೇಲಿಯಾದವರ ಮೆಲ್ಬರ್ನ್ ಅವರ ಬಾಯಲ್ಲಿ 'ಮೆಲ್‌ಬನ್'. ಅಮೆರಿಕದವರು ಬಂದು 'ಬೋರ್ನ್' ಅಂತ ಬಿಡಿಸಿ ಹೇಳಿದರೆ ಅಲ್ಲಿನವರು ಮುಖ ಕಿವುಚುತ್ತಾರೆ.

ಸಂಜೆಗಾಳಿ:
ಇದಕ್ಕೆ ನನ್ನ ಹತ್ತಿರ ಖಜಾನೆಯೇ ಇದೆ! ಅಮೆರಿಕದ ಒಳಗಿರುವ ಪರದೇಶದ ಊರುಗಳು.

ಇಲಿನಾಯ್ ರಾಜ್ಯದ ಕೈರೋ ಊರನ್ನು ಅಲ್ಲಿನವರು 'ಕೇರೋ' ಅಂತಾರೆ. ಕೆಂಟಕಿಯ ವರ್ಸಾಯ್ 'ವರ್‌ಸೇಲ್ಸ್'. ಒಹಾಯೋದ ಲೀಮಾ 'ಲೈಮಾ'. ನ್ಯೂಯಾರ್ಕ್ ರಾಜ್ಯದಲ್ಲೊಂದು ದೆಹಲಿ ಇದೆ, ಅದು 'ಡೆಲ್‌ಹೈ'. ಮಿಸೌರಿಯ ನ್ಯೂ ಮ್ಯಾಡ್ರಿಡ್‌ನಲ್ಲಿ ಒತ್ತು ಮೊದಲ ಅಕ್ಷರದ ಮೇಲೆ. 1811–12ರ ಭಾರಿ ಭೂಕಂಪಗಳಿಗೆ ಹೆಸರಾದ ಊರು ಅದು. ಅಲ್ಲಿ ಹೋಗಿ ಸ್ಪೇನಿನ ಹಾಗೆ ಹೇಳಿದರೆ ತಪ್ಪು ನಿಮ್ಮದೇ. ಇಲ್ಲಿ ಸ್ಥಳೀಯರ ಮಾತೇ ಸರಿ ಅಂದರೆ 'ಡೆಲ್‌ಹೈ' ಸರಿ, ಅಲ್ವಾ?

ಅರ್ಕನ್ಸಾ ರಾಜ್ಯದವರು 1881ರಲ್ಲಿ ಶಾಸನಸಭೆಯಲ್ಲಿ ನಿರ್ಣಯವನ್ನೇ ಮಾಡಿದರು. ಕೊನೆಯ ಸ್ ಹೇಳಬಾರದು, ಹಾಗೆ ಹೇಳುವ ಹೊಸ ಚಾಳಿಗೆ ಉತ್ತೇಜನ ಕೊಡಬಾರದು ಅಂತ. ಫ್ರೆಂಚರ ಕೈಯಿಂದ ಬಂದ ಹೆಸರಿಗೆ ಫ್ರೆಂಚ್ ಪದ್ಧತಿ. ಅಷ್ಟೇನೂ ದೂರವಲ್ಲದ ಕ್ಯಾನ್ಸಸ್ ರಾಜ್ಯದಲ್ಲಿ ಸ್ ಹೇಳಲೇಬೇಕು. ಲಾಸ್ ಏಂಜಲೀಸ್‌ನಲ್ಲಿ 1952ರಲ್ಲಿ ಮೇಯರ್ ಒಂದು ಸಮಿತಿ ಕೂರಿಸಿ, ಊರಿನ ಹೆಸರಿನ ನಡುವೆ ಗಡುಸು ಗ ಬೇಕೋ ಜ ಬೇಕೋ ತೀರ್ಮಾನ ಮಾಡಿ ಅಂದರು. ಜ ಗೆದ್ದಿತು. ಆಮೇಲೂ ಗ ಹೇಳುವ ಹಳಬರು ಹೇಳುತ್ತಲೇ ಇದ್ದರು.

ಅರೆನಿದ್ದೆ:
ಮಾಸ್ಕೋ ಬಿಟ್ಟಿರಿ. ಬ್ರಿಟಿಷರು 'ಮಾಸ್ಕೋ', ಅಮೆರಿಕನ್ನರಲ್ಲಿ ತುಂಬಾ ಜನ 'ಮಾಸ್ಕೌ'. ರಷ್ಯನ್ನರು 'ಮಸ್ಕ್ವಾ'. ಐಡಹೋ ರಾಜ್ಯದಲ್ಲೂ ಒಂದು ಮಾಸ್ಕೋ ಇದೆ, ಅಲ್ಲಿನವರು ಅಮೆರಿಕದಲ್ಲಿದ್ದೂ ಬ್ರಿಟಿಷರ ಥರ 'ಮಾಸ್ಕೋ' ಅಂತಾರೆ.

ನಿರ್ವಾಹಕ:
ಸ್ವಾರಸ್ಯವಾಗಿದೆ, ಆದರೆ ಅಮೆರಿಕದೊಳಗಿನ ಊರುಗಳಿಗೆ ಬೇರೆ ಎಳೆ ಶುರು ಮಾಡಬಹುದು. ಇಲ್ಲಿ ಮೂಲ ಪ್ರಶ್ನೆಗೆ ಹಿಂತಿರುಗೋಣ.

ಹಳೇವಾರ್ತೆ:
ಮೂಲಕ್ಕೇ ಬರುತ್ತೇನೆ. ಕೊಂಕುಮಾತು ಅವರು 'ನೆಲೆಯೂರಿದ ಹೆಸರು' ಅನ್ನುವುದಕ್ಕೆ ಕೈ ಮುಗಿದರು. ಆದರೆ ನೆಲೆ ಅನ್ನುವುದೂ ಸವೆಯುತ್ತದೆ. ಇಟಲಿಯ ಲಿವೋರ್ನೋ ಬಂದರನ್ನು ಇಂಗ್ಲಿಷಿನಲ್ಲಿ 'ಲೆಗ್‌ಹಾರ್ನ್' ಅನ್ನುತ್ತಿದ್ದರು. ಈಗ ಹಾಗಂದರೆ ಜನಕ್ಕೆ ನೆನಪಾಗುವುದು ಕೋಳಿ ತಳಿ ಮಾತ್ರ. ಜರ್ಮನಿಯ ರೇಗನ್ಸ್‌ಬುರ್ಗ್ ಒಂದು ಕಾಲಕ್ಕೆ 'ರ‍್ಯಾಟಿಸ್ಬನ್'. ಸ್ಪೇನಿನ ಸರಗೋಸಾ, ಕೊರುನ್ನಾ ಎಲ್ಲ ಹಳೇ ಇತಿಹಾಸ ಪುಸ್ತಕಗಳಲ್ಲಿ ಉಳಿದವು. ಲಿಯಾನ್, ಮಾರ್ಸೇ ಹೆಸರುಗಳ ಕೊನೆಗೆ ಇಂಗ್ಲಿಷರು ಒಂದು ಎಸ್ ಅಂಟಿಸಿ ಬರೆಯುತ್ತಿದ್ದರು, ಅದು ಈಗ ಅಪರೂಪ. ಇದನ್ನೆಲ್ಲ ಯಾರೂ ಹುಕುಂ ಮಾಡಿ ತೆಗೆಸಲಿಲ್ಲ. ಆ ಊರುಗಳ ಬಗ್ಗೆ ಇಂಗ್ಲಿಷಿನಲ್ಲಿ ದಿನಾ ಮಾತಾಡುವ ಅಗತ್ಯ ಕಡಿಮೆಯಾಯಿತು, ಹಳೇ ರೂಪ ತುಕ್ಕು ಹಿಡಿಯಿತು. ಮತ್ತೆ ಮಾತಾಡುವ ಹೊತ್ತಿಗೆ ರೈಲು ನಿಲ್ದಾಣದ ಫಲಕದಲ್ಲಿದ್ದ ರೂಪವೇ ಕೈಗೆ ಸಿಕ್ಕಿತು. ರೋಮ್, ವೆನಿಸ್, ಪ್ಯಾರಿಸ್ ದಿನಬಳಕೆಯಲ್ಲಿದ್ದವು, ಹಾಗಾಗಿ ಅಲುಗಾಡಲಿಲ್ಲ.

ಬಲವಂತಕ್ಕೆ ಒಂದು ಉದಾಹರಣೆಯೂ ಇದೆ. 2006ರ ಚಳಿಗಾಲದ ಒಲಿಂಪಿಕ್ಸ್ ಟ್ಯೂರಿನ್‌ನಲ್ಲಿ ನಡೆದಾಗ ಅಮೆರಿಕದ ಪ್ರಸಾರ ಸಂಸ್ಥೆ ಎನ್‌ಬಿಸಿ 'ಟೊರಿನೋ' ಅಂತಲೇ ಹೇಳಿತು. ಎಷ್ಟೋ ಪತ್ರಿಕೆಗಳು ಟ್ಯೂರಿನ್ ಬಿಡಲಿಲ್ಲ. ಇದರಲ್ಲಿ ತಮಾಷೆ ಏನೆಂದರೆ, ಆ ಪ್ರದೇಶದ ಸ್ವಂತ ಮಾತಾದ ಪೀಡ್‌ಮಾಂಟಿನ ನುಡಿಯಲ್ಲಿ ಊರಿನ ಹೆಸರು ಟ್ಯೂರಿನ್ ಅಂತಲೇ ಇದೆ. ಒಲಿಂಪಿಕ್ಸ್ ಮುಗಿಯಿತು, ಇಂಗ್ಲಿಷಿನಲ್ಲಿ ಟ್ಯೂರಿನ್ ಉಳಿಯಿತು.

ಉಲಿಗಾರ:
ಸ್ಪೆಲ್ಲಿಂಗಿನ ಹೊಂಡಗಳ ಬಗ್ಗೆ ಒಂದು ಎಚ್ಚರಿಕೆ. ಉಚ್ಚಾರಣೆ ತಪ್ಪಲು ನಾಲಿಗೆಗಿಂತ ಕಣ್ಣು ಜಾಸ್ತಿ ಕಾರಣ. ಪೋಲೆಂಡಿನ ಒಂದು ದೊಡ್ಡ ನಗರವನ್ನು ಇಂಗ್ಲಿಷಿನಲ್ಲಿ ಎಲ್, ಓ, ಡಿ, ಝೆಡ್ ಅಂತ ಬರೆಯುತ್ತಾರೆ. ನೋಡಿದವರು 'ಲಾಡ್ಸ್' ಅಂತಾರೆ. ಮೂಲದಲ್ಲಿ ಆ ಎಲ್ ಮೇಲೆ ಅಡ್ಡಗೆರೆ ಇದೆ, ಅದರ ಉಲಿ ವ. ಓ ಮೇಲೆ ಗುರುತು ಇದೆ, ಅದು ಉ. ಒಟ್ಟು 'ವುಚ್'. ಗುರುತುಗಳನ್ನು ಕಿತ್ತು ಹಾಕಿದ ಮೇಲೆ ಪಾಪ ಇಂಗ್ಲಿಷ್ ಓದುಗ ಏನು ಮಾಡಬೇಕು?

ಕಿರಿಬಾಟಿ ಅಂತ ಎಲ್ಲರೂ ಓದುವ ದೇಶ ಇನ್ನೊಂದು. ಅಲ್ಲಿನ ಬರವಣಿಗೆಯಲ್ಲಿ ಟಿ, ಐ ಸೇರಿದರೆ ಸ್. ಅಂದರೆ 'ಕಿರಿಬಸ್'. ಗಿಲ್ಬರ್ಟ್ಸ್ ಅನ್ನುವ ಇಂಗ್ಲಿಷ್ ಹೆಸರು ಅಲ್ಲಿನವರ ಬಾಯಲ್ಲಿ ಹಾಗಾಯಿತು. 1979ರ ಸ್ವಾತಂತ್ರ್ಯದಲ್ಲಿ ಅದನ್ನೇ ದೇಶದ ಹೆಸರಾಗಿ ಇಟ್ಟುಕೊಂಡರು. ಅದೇ ದೇಶದಲ್ಲಿ 'ಕಿರಿಟಿಮಾಟಿ' ಅಂತ ಬರೆಯುವ ದ್ವೀಪ ಇದೆ. 1777ರ ಕ್ರಿಸ್‌ಮಸ್ ಹಿಂದಿನ ದಿನ ಕ್ಯಾಪ್ಟನ್ ಕುಕ್ ಅಲ್ಲಿಗೆ ಬಂದಿದ್ದರು. ಮೇಲಿನ ನಿಯಮ ಹಚ್ಚಿ ಓದಿ ನೋಡಿ: 'ಕಿರಿಸ್ಮ್ಯಾಸ್'. ಇಂಗ್ಲಿಷ್ ಹೆಸರುಗಳನ್ನು ಬೇರೆಯವರು ತಮ್ಮ ನಾಲಿಗೆಗೆ ಬೇಕಾದ ಹಾಗೆ ಬಗ್ಗಿಸಿಕೊಂಡಾಗ ಇಷ್ಟು ಚೆನ್ನಾಗಿರುತ್ತದೆ ನೋಡಿ.

ಕೊಂಕುಮಾತು:
ಅದನ್ನೇ ತಾನೇ ನಾನು ಮೊದಲಿನಿಂದ ಹೇಳುತ್ತಿರೋದು! ಅವರು ಬಗ್ಗಿಸಿಕೊಂಡರೆ ಚೆಂದ, ಇಂಗ್ಲಿಷರು ಬಗ್ಗಿಸಿದರೆ ಅಪರಾಧ.

ದೂರದೂರು:
ಬಗ್ಗಿಸಿದ್ದು ಅಪರಾಧ ಅಂತ ನಾನು ಹೇಳಲಿಲ್ಲ. ಕೇಳಿಕೊಂಡಾಗ ಕಿವಿ ಮುಚ್ಚಿಕೊಂಡರೆ ಒರಟುತನ ಅಂದೆ. ಇಲ್ಲಿಗೆ ನಿಮ್ಮ ನನ್ನ ಅಂತರ ಬೆರಳಿನಷ್ಟು.

ನಕ್ಷೆಪೆಟ್ಟಿಗೆ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ತಂಡದ ಮುಂದೆ ಇಟ್ಟು ಒಪ್ಪಿಸಿದೆ. ಪ್ಯಾರಿಸ್, ರೋಮ್, ಮ್ಯೂನಿಕ್, ಮಾಸ್ಕೋ ಇದ್ದ ಹಾಗೇ. ಬೇಜಿಂಗ್ ಜ, ಝ ಇಲ್ಲ. ಬಾರ್ಸೆಲೋನಾ ಸ. ಇರಾಕ್ ಇ. ಕೀವ್, ಕೋಟ್ ಡಿವಾರ್, ತುರ್ಕಿಯೆ ಅವರು ಕೇಳಿದ ಹಾಗೆ. ಮ್ಯಾನ್ಮಾ ರ್ ಇಲ್ಲದೆ. ಹಳೇವಾರ್ತೆ ಸರ್ ಹೇಳಿದ ಹಾಗೆ ಸ್ಕ್ರಿಪ್ಟಿನಲ್ಲಿ ತುಂಡು ಮಾಡಿ, ಒತ್ತಿನ ಗೆರೆ ಎಳೆದು ಕೊಡುತ್ತಿದ್ದೇನೆ. 'ಎಲ್ಲವೂ ಸ್ಥಳೀಯರ ಹಾಗೆ' ಅಂದವರು ಕತಲಾನ್ ವಿಷಯ ಕೇಳಿ ಸುಮ್ಮನಾದರು.

ಒಂದು ಮಾತ್ರ ಬಗೆಹರಿದಿಲ್ಲ. ಪಾಠದಲ್ಲಿ ಒಂದೇ ವಾಕ್ಯದಲ್ಲಿ ಮೂರೂ ಇದೆ: ನೈಜರ್ ನದಿ, ನೈಜರ್ ದೇಶ, ನೈಜೀರಿಯಾ. ಓದುಗರು ದೇಶಕ್ಕೆ ಫ್ರೆಂಚ್ ಥರ 'ನೀಝೇರ್' ಅಂತಾರೆ, ನದಿಗೆ 'ನೈಜರ್'. ಮಕ್ಕಳಿಗೆ ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುವುದಿಲ್ಲವೇ?

ಹಳೇವಾರ್ತೆ:
ನಿಮ್ಮ ಓದುಗರು ಮಾಡಿದ್ದು ವಾರ್ತಾಮನೆಯ ರೂಢಿ, ತಪ್ಪಲ್ಲ. ಆ ದೇಶದ ಆಡಳಿತ ಬಹುಕಾಲ ಫ್ರೆಂಚಿನಲ್ಲಿ ನಡೆದದ್ದರಿಂದ ದೇಶಕ್ಕೆ 'ನೀಝೇರ್'. ನೈಜೀರಿಯಾ ಇಂಗ್ಲಿಷಿನದ್ದು, ಅದರ ಜ ಗಡುಸು. ನದಿ 4,180 ಕಿಲೋಮೀಟರ್ ಹರಿಯುತ್ತದೆ. ಗಿನಿಯಲ್ಲಿ ಹುಟ್ಟಿ ಮಾಲಿ, ನೀಝೇರ್ ದಾಟಿ ನೈಜೀರಿಯಾದಲ್ಲಿ ಸಮುದ್ರ ಸೇರುತ್ತದೆ. ಇಷ್ಟು ದೇಶಗಳಲ್ಲಿ ಹಾಯುವ ನದಿಗೆ ಇಂಗ್ಲಿಷಿನಲ್ಲಿ ಹಳೆಯ 'ನೈಜರ್' ಇರಲಿ.

ವಾಕ್ಯವನ್ನು ಒಡೆಯಿರಿ. ಮೊದಲ ವಾಕ್ಯದಲ್ಲಿ ನದಿ ಮಾತ್ರ. ಎರಡನೆಯದರಲ್ಲಿ 'ಈ ನದಿಯಿಂದಲೇ ಎರಡು ದೇಶಗಳಿಗೆ ಹೆಸರು ಬಂತು' ಅಂತ ಹೇಳಿ, ಆಮೇಲೆ ಎರಡೂ ದೇಶಗಳ ಹೆಸರು ಓದಿಸಿ, ನಡುವೆ ಅರ್ಧ ಸೆಕೆಂಡ್ ಬಿಡುವು ಕೊಡಿ. ನೀಝೇರ್ ಮೊದಲು ಬರಲಿ. ನೈಜೀರಿಯಾ ಮೊದಲು ಬಂದರೆ ಓದುವವರ ನಾಲಿಗೆ ಅದರ ಜಾಡಿನಲ್ಲೇ ಹೋಗಿ ದೇಶವನ್ನೂ ನೈಜರ್ ಮಾಡಿಬಿಡುತ್ತದೆ.

ನಕ್ಷೆಪೆಟ್ಟಿಗೆ:
ಸರಿ ಸರ್. ನಾಳೆ ರೆಕಾರ್ಡಿಂಗ್ ಇದೆ, ಹಾಗೇ ಒಡೆದು ಕಳಿಸುತ್ತೇನೆ.